ಚಿಗವ್ವ ಕಟ್ಟಿದ ಬೆಲೆ

ಕಳೆದ ವಾರ ಹುನಗುಂದದ ನಮ್ಮ ಕಚೇರಿಗೆ ಸಹೋದ್ಯೋಗಿಯೊಬ್ಬಳು ಹೊಸ ಗಾಡಿ ತೆಗೆದುಕೊಂಡು ಬಂದಳು. ಎತ್ತರದ, ಏಳು ಮಂದಿ ಕೂಡುವ ಗಾಡಿ. ಮುಂದೆ ಚೆಂಡುಹೂವಿನ ಮಾಲೆ, ಬಾನೆಟ್ಟಿನ ಮೇಲೆ ಕುಂಕುಮ, ಎಲ್ಲರ ಕೈಗೂ ಪೇಡೆ. "ಬರ್ರಿ ಅಕ್ಕಾರ, ಒಂದ ಸಲ ಒಳಗ ಕುಂತ ನೋಡ್ರಿ" ಎಂದು ಕೈ ಹಿಡಿದು ಎಳೆದಳು. ಹತ್ತಿ ಕುಳಿತೆ. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಆ ಪ್ಲಾಸ್ಟಿಕ್ಕು, ಹೊಸ ರಬ್ಬರು, ಬಿಸಿಲಿಗೆ ಬಾಡುತ್ತಿದ್ದ ಚೆಂಡುಹೂವು ಎಲ್ಲ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಿಯ ಹತ್ತಿರ ಒಯ್ದಿದ್ದ ಕೈ ಇಳಿಸಿದೆ. ಪೇಡೆ ಕೈಯಲ್ಲೇ ಉಳಿಯಿತು. ಆಕೆ ಬೆಲೆ ಹೇಳುತ್ತಿದ್ದಳು, ಎಷ್ಟು ಕಡಿಮೆ ಮಾಡಿಸಿದೆವು ಎಂದು ಹೇಳುತ್ತಿದ್ದಳು. "ಛಲೋ ಐತವಾ" ಎಂದಷ್ಟೇ ಹೇಳಿ ಇಳಿದುಬಿಟ್ಟೆ. ನನಗೆ ಹೊಟ್ಟೆಕಿಚ್ಚು ಎಂದುಕೊಂಡಿರಬೇಕು. ಅಂದುಕೊಳ್ಳಲಿ. ನನಗೆ ನೆನಪಾದದ್ದು ನಮ್ಮ ಎದುರು ಮನೆಯ ಚಿಗವ್ವ.

ಚಿಗವ್ವ ಎಂದರೆ ಅವ್ವನ ತಂಗಿ. ಆದರೆ ಆಕೆ ನಮಗೆ ಯಾವ ಕಡೆಯಿಂದಲೂ ಸಂಬಂಧಿಯಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದರು. ನನ್ನ ಗಂಡ ಚಡ್ಡಿ ಹಾಕುವ ಕಾಲದಿಂದ ಕರೆಯುತ್ತಿದ್ದರು, ಬಾದಾಮಿಯಿಂದ ಸೊಸೆಯಾಗಿ ಬಂದ ನಾನೂ ಹಾಗೇ ಕರೆದೆ. ಸಣ್ಣ ವಯಸ್ಸಿನಲ್ಲೇ ಆಕೆಯ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮಗ್ಗದವರಿಂದ ಸೀರೆ ತಂದು, ದೊಡ್ಡ ಗಂಟು ಕಟ್ಟಿ, ಬಸ್ಸಿನಲ್ಲಿ ಹಾಕಿಕೊಂಡು ಕೆರೂರು, ಕಲಾದಗಿ, ಬಾದಾಮಿ ಕಡೆ ಮನೆ ಮನೆಗೆ ಹೋಗಿ ಮಾರುತ್ತಿದ್ದಳು. ಗಂಟಿಗೆ ಲಗೇಜ್ ಟಿಕೀಟು ತೆಗೆಯಬೇಕೆಂದು ಕಂಡಕ್ಟರ್ ಹೇಳಿದರೆ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು, "ಇದು ನನ್ನ ಮೊಮ್ಮಗಳಪಾ, ಇನ್ನೂ ಐದು ತುಂಬಿಲ್ಲ" ಎನ್ನುತ್ತಿದ್ದಳಂತೆ. ಬಸ್ಸಿಗೆ ಬಸ್ಸೇ ನಗುತ್ತಿತ್ತಂತೆ. ಕಂಡಕ್ಟರ್ ಏನು ಮಾಡಿಯಾನು?

ಓಣಿಯಲ್ಲಿ ಯಾರು ಏನು ಕೊಳ್ಳುವುದಿದ್ದರೂ ಚಿಗವ್ವನನ್ನು ಕರೆದುಕೊಂಡು ಹೋಗಬೇಕು. ಮದುವೆಯ ಬಂಗಾರ, ಹೊಲಿಗೆ ಮಷೀನು, ಫ್ರಿಜ್ಜು, ಬಾಣಂತಿಯ ಮಂಚ... ಆಕೆ ಬರುವುದನ್ನು ದೂರದಿಂದ ನೋಡಿಯೇ ಕೆಲವು ಅಂಗಡಿಯವರು ಬೆಲೆ ಏರಿಸಿ ಇಟ್ಟುಕೊಳ್ಳುತ್ತಿದ್ದರು, ಇಳಿಸಲಿಕ್ಕೆ ಜಾಗ ಬೇಕಲ್ಲ! ಅದೂ ಆಕೆಗೆ ಗೊತ್ತಿತ್ತು. ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತು ಮೊದಲು ಅಂಗಡಿಯವನ ತಾಯಿಯ ಮೊಣಕಾಲು ನೋವು ವಿಚಾರಿಸುವಳು, ಮಕ್ಕಳ ಶಾಲೆ ವಿಚಾರಿಸುವಳು, ಆಮೇಲೆ ಬೆಲೆಗೆ ಕೈ ಹಾಕುವಳು.

ಆದರೆ ಒಂದು ಕಟ್ಟುನಿಟ್ಟು. ವ್ಯಾಪಾರ ಮುಗಿಯುವ ತನಕ ಆ ಅಂಗಡಿಯ ನೀರು ಕೂಡ ಬಾಯಿಗೆ ಹಾಕುತ್ತಿರಲಿಲ್ಲ. ಚಹಾ ಅಂತೂ ದೂರವೇ ಉಳಿಯಿತು. ಜೊತೆಗೆ ಹೋದವರಿಗೂ ಕುಡಿಯಗೊಡುತ್ತಿರಲಿಲ್ಲ. ನಾನು ಹೊಸದಾಗಿ ಬಂದವಳು, ಮಿಕ್ಸರ್ ಅಂಗಡಿಯಲ್ಲಿ ಚಹದ ಕಪ್ಪಿಗೆ ಕೈ ಚಾಚಿ ತೊಡೆಗೆ ಚಿವುಟಿಸಿಕೊಂಡಿದ್ದೆ. ಹೊರಗೆ ಬಂದ ಮೇಲೆ ಕೇಳಿದೆ, ಯಾಕೆ ಚಿಗವ್ವಾ ಎಂದು.

"ಅವನ ನೀರ ನಮ್ಮ ಹೊಟ್ಟ್ಯಾಗ ಹ್ವಾದ ಮ್ಯಾಲ, ಕಡಿಮಿ ಮಾಡಪಾ ಅಂತ ಯಾವ ಬಾಯಿಲೆ ಕೇಳೂದು ತಂಗಿ?"

ಇದು ಕೊಳ್ಳುವವರಿಗಷ್ಟೇ ಇದ್ದ ಕಟ್ಟಲ್ಲ. ಸೀರೆ ಮಾರಲು ಹೋದ ಮನೆಯಲ್ಲಿ ಯಾರಾದರೂ ಮೊದಲೇ ಒಂದು ತಂಬಿಗೆ ನೀರು ಕೊಟ್ಟರೆ ಆಕೆ ಆ ಮನೆಯಲ್ಲಿ ಬೆಲೆ ಏರಿಸಿ ಹೇಳುತ್ತಿರಲಿಲ್ಲ. ಒಂದೇ ಮಾತು ಹೇಳುವಳು, ಅದೇ ಖರೆ ಬೆಲೆ. ಕೆರೂರಿನ ಕೆಲವು ಹೆಂಗಸರು ಇದನ್ನು ತಿಳಿದುಕೊಂಡು, ಆಕೆ ಹೊಸ್ತಿಲು ದಾಟುವ ಮೊದಲೇ ತಂಬಿಗೆ ಹಿಡಿದು ನಿಲ್ಲುತ್ತಿದ್ದರಂತೆ. ಅದನ್ನು ಹೇಳಿ ತಾನೇ ನಗುತ್ತಿದ್ದಳು. ಆದರೂ ಕುಡಿಯುತ್ತಿದ್ದಳು. ಕುಡಿದು ಖರೆ ಬೆಲೆಯನ್ನೇ ಹೇಳುತ್ತಿದ್ದಳು.

ಇನ್ನೊಂದು ಮಾತೂ ಹೇಳಬೇಕು. ಒಂದು ಹಂತಕ್ಕೆ ಬಂದ ಮೇಲೆ ಆಕೆ ತಾನೇ ನಿಲ್ಲಿಸಿಬಿಡುತ್ತಿದ್ದಳು. ನನ್ನ ನಾದಿನಿಯ ಮದುವೆಗೆ ಬಂಗಾರ ತರುವಾಗ ಅಂಗಡಿಯವನು ಇನ್ನೂ ಸ್ವಲ್ಪ ಇಳಿಯುವಂತೆ ಕಂಡ. ಚಿಗವ್ವ ಸಾಕು ಎಂದಳು. ನನ್ನ ಗಂಡ ಹೊರಗೆ ಬಂದು ಗೊಣಗಿದರು.

"ಇನ್ನೂ ಬಿಡ್ತಿದ್ದನಲ್ಲಾ ಚಿಗವ್ವಾ."

"ಬಿಡ್ತಿದ್ದ. ಆಮ್ಯಾಲ ಅವಾ ರಾತ್ರಿ ಮಲಗಬ್ಯಾಡೇನು?"

ನಮಗೆ ಗಾಡಿಯ ಮಾತು ಬಂದದ್ದು ಮಗಳ ಸಲುವಾಗಿ. ಹುಟ್ಟಿನಿಂದಲೇ ಅವಳ ಕಾಲುಗಳಲ್ಲಿ ಬಲವಿಲ್ಲ, ಕೈಗಳಲ್ಲಿಯೂ ಅಷ್ಟಕ್ಕಷ್ಟೇ. ಬುದ್ಧಿ ಚುರುಕು, ನಾಲಿಗೆ ಇನ್ನೂ ಚುರುಕು. ವಾರಕ್ಕೆ ಎರಡು ಸಲ ಬಾಗಲಕೋಟೆಯ ಆಸ್ಪತ್ರೆಗೆ ಕರೆದೊಯ್ದು ವ್ಯಾಯಾಮ ಮಾಡಿಸಬೇಕಿತ್ತು. ಸಣ್ಣವಳಿದ್ದಾಗ ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹೋಗುತ್ತಿದ್ದೆ. ಒಂಬತ್ತು ತುಂಬುವ ಹೊತ್ತಿಗೆ ಕಾಲು ಉದ್ದವಾದವು. ನಿಂತವರ ಕಾಲಿಗೆ ಅವು ತಾಗುತ್ತಿದ್ದವು. ಯಾರೂ ಏನೂ ಅನ್ನುತ್ತಿರಲಿಲ್ಲ, ಆದರೆ ಅವಳೇ ಕಾಲು ಎಳೆದುಕೊಳ್ಳಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. ನಾನೇ ಅವನ್ನು ಹಿಡಿದು ಮಡಚಿಕೊಳ್ಳುತ್ತಿದ್ದೆ.

ಆ ಬೇಸಿಗೆಯಲ್ಲಿ ಡಾಕ್ಟರು ಸ್ಪಷ್ಟವಾಗಿ ಹೇಳಿದರು. "ಹಿಂಗ ಮಡಚಿಕೊಂಡು ತರಬ್ಯಾಡ್ರಿ. ಬೆನ್ನು ಬಾಗಾಕ ಹತ್ತೈತಿ. ಇನ್ನೂ ಬಾಗಿದ್ರ ಉಸಿರಿಗೆ ತ್ರಾಸ ಆಗ್ತೈತಿ."

ಚಿಕಿತ್ಸೆ ಬಿಡುವಂತಿಲ್ಲ, ಬಸ್ಸಿನಲ್ಲಿ ಒಯ್ಯುವಂತಿಲ್ಲ. ಪ್ರತಿ ಸಲ ಬಾಡಿಗೆ ಗಾಡಿ ಮಾಡಿದರೆ ಸಂಬಳವೆಲ್ಲ ಅದಕ್ಕೇ. ಪರಿಚಯದವರ ಸಣ್ಣ ಕಾರಿನಲ್ಲಿ ಒಮ್ಮೆ ನೋಡಿದೆವು, ಗಾಲಿಕುರ್ಚಿ ಒಳಗೆ ಹೋಗಲೇ ಇಲ್ಲ. ನಡುವಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ, ಹಿಂದೆ ಕುರ್ಚಿ ಹಾಕುವಂಥ ದೊಡ್ಡ ಗಾಡಿಯೇ ಬೇಕು ಎಂದಾಯಿತು. ನನ್ನದು ಕಚೇರಿಯ ಗುಮಾಸ್ತೆ ಕೆಲಸ, ಗಂಡನದು ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಮೇಲ್ವಿಚಾರಣೆ. ಬ್ಯಾಂಕಿನವರು ಕೊಡುವ ಸಾಲ, ನಮ್ಮ ಕೈಯಲ್ಲಿದ್ದದ್ದು ಎರಡೂ ಕೂಡಿಸಿದರೂ ಗಾಡಿಯ ಬೆಲೆಗೆ ಒಂದು ಲಕ್ಷ ಕಡಿಮೆ ಬೀಳುತ್ತಿತ್ತು. ನಾವಿಬ್ಬರೂ ಅದನ್ನೇ ಮಾತಾಡುತ್ತಿರುವಾಗ ಚಿಗವ್ವ ನಮ್ಮ ಪಡಸಾಲೆಯಲ್ಲಿ ಮಗಳಿಗೆ ಉಣಿಸುತ್ತ ಕುಳಿತಿದ್ದಳು.

"ಆ ಒಂದ ಲಕ್ಷ ನನಗ ಬಿಡ್ರಿ" ಎಂದಳು, ತುತ್ತು ಕಲಸುತ್ತ. ಯಾವುದೋ ಸೊಪ್ಪಿನ ಸಿವುಡಿನ ಮಾತು ಆಡಿದ ಹಾಗೆ.

ಬಾಡಿಗೆ ಗಾಡಿ ಮಾಡಿಕೊಂಡು ಬಾಗಲಕೋಟೆಗೆ ಹೋದೆವು. ಸೀಟಿನಲ್ಲಿ ಮಗಳು ಸರಿಯಾಗಿ ಮಲಗಲು ಬರುತ್ತದೆಯೋ ಇಲ್ಲವೋ ನೋಡಬೇಕಿತ್ತು, ಅದಕ್ಕೆ ಅವಳನ್ನೂ ಕರೆದುಕೊಂಡೆವು. ಚಿಗವ್ವ ಅಂದು ಹೊಸ ಸೀರೆ ಉಟ್ಟಿದ್ದಳು, ಹಣೆ ತುಂಬ ವಿಭೂತಿ. ದಾರಿಯುದ್ದಕ್ಕೂ ಬಾಡಿಗೆ ಗಾಡಿಯ ಡ್ರೈವರನನ್ನು ಬಿಡಲಿಲ್ಲ. ವಿಮೆ ಹೊರಗೆ ಮಾಡಿಸಿದರೆ ಎಷ್ಟು, ತೆರಿಗೆ ಎಂದರೆ ಏನು, ಹೊಸ ಗಾಡಿಯವರು ಯಾವುದರಲ್ಲಿ ಬಿಡುತ್ತಾರೆ, ಯಾವುದರಲ್ಲಿ ಬಿಡುವುದಿಲ್ಲ. ಪಾಪ, ಆತ ಗೇರ್ ಬದಲಿಸುವುದೋ ಇವಳಿಗೆ ಉತ್ತರ ಕೊಡುವುದೋ. ಮಗಳಿಗೂ ತಾಕೀತಾಯಿತು. "ಅಲ್ಲಿ ಏನ ಕೊಟ್ರೂ ಮುಟ್ಟಬ್ಯಾಡ ನನ್ನವ್ವಾ. ವ್ಯಾಪಾರ ಮುಗೀಲಿ, ಆಮ್ಯಾಲ ನಿನಗ ಕಬ್ಬಿನ ಹಾಲು ಕುಡಸ್ತೇನಿ."

ಶೋರೂಮಿನ ಗಾಜಿನ ಬಾಗಿಲು ತೆರೆದ ಕೂಡಲೇ ತಣ್ಣನೆಯ ಗಾಳಿ, ಆ ವಾಸನೆ. ಒಬ್ಬ ಹುಡುಗ ಬಂದ. ಕೊರಳಿಗೆ ಟೈ ಕಟ್ಟಿದ್ದ, ಎಣ್ಣೆ ಹಚ್ಚಿ ತಲೆ ಬಾಚಿದ್ದ. "ಬನ್ನಿ ಮೇಡಂ, ಕುಳಿತುಕೊಳ್ಳಿ, ಏನು ತಗೋತೀರಿ, ಕಾಫಿಯಾ, ಜ್ಯೂಸಾ" ಎಂದ ಬೆಂಗಳೂರಿನ ಮಾತಿನಲ್ಲಿ. ಚಿಗವ್ವ ಅವನ ಮುಖವನ್ನೇ ನೋಡಿ, "ನಿನ್ನ ಊರ ಯಾವ್ದಪಾ ತಮ್ಮಾ?" ಎಂದಳು. ಬಾದಾಮಿ ತಾಲೂಕಿನ ಒಂದು ಹಳ್ಳಿ ಹೇಳಿದ. ಅವ್ವ ಏನು ಮಾಡುತ್ತಾಳೆ, ತಂಗಿಯ ಮದುವೆ ಆಯಿತೇ... ಹತ್ತು ನಿಮಿಷದಲ್ಲಿ ಹುಡುಗನ ಬೆಂಗಳೂರು ಮಾತು ಇಳಿದುಹೋಗಿ, "ಹೌದ್ರೀ ಅಮ್ಮಾರ, ಇಲ್ರೀ ಅಮ್ಮಾರ" ಎನ್ನತೊಡಗಿದ. ನನ್ನ ಗಂಡ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಕೆಲಸ ಆಯಿತು ಎನ್ನುವ ಧೈರ್ಯ ನಮಗೆ.

ಮಗಳನ್ನು ಎತ್ತಿ ನಡುವಿನ ಸೀಟಿನಲ್ಲಿ ಮಲಗಿಸಿದೆವು. ಪೂರ್ತಿ ಚಾಚಿ ಮಲಗಿದಳು. ಮೇಲೆ ಚಾವಣಿ ನೋಡುತ್ತ, "ಅವ್ವಾ, ಕಾಲು ಯಾರಿಗೂ ಬಡ್ಯಾಂಗಿಲ್ಲ" ಎಂದಳು. ನಾನು ಆಚೆ ಮುಖ ಮಾಡಿದೆ. ಚಿಗವ್ವ ಮಾತ್ರ ಮುಖದಲ್ಲಿ ಏನೂ ತೋರಿಸಲಿಲ್ಲ. ಮಾಲು ಮನಸ್ಸಿಗೆ ಬಂದಿದೆ ಎಂದು ಮಾರುವವನಿಗೆ ಗೊತ್ತಾಗಬಾರದಲ್ಲ! ಸೀಟಿನ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ, "ಬಣ್ಣ ಬಿಡ್ತೈತಿ ಇದು" ಎಂದು ಮೂಗು ಮುರಿದಳು.

ಆಮೇಲೆ ಶುರುವಾಯಿತು. ಹುಡುಗ ಬೆಲೆ ಹೇಳಿದ, ಆಕೆ ನಕ್ಕಳು. ವಿಮೆಯಲ್ಲಿ ಇಳಿಸು ಎಂದಳು. ಇಳಿಸಿದ. ಹೆಚ್ಚಿನ ಸಾಮಾನು ಹಾಕಿ ಹೇಳಿದ್ದೀ, ಅವೇನೂ ನಮಗೆ ಬೇಡ ಎಂದಳು. ತೆಗೆದ. ಪ್ರತಿ ಸಲ ಅವನು ಒಳಗಿನ ಗಾಜಿನ ಕೋಣೆಗೆ ಹೋಗಿ ಸಾಹೇಬರನ್ನು ಕೇಳಿ ಬರುತ್ತಿದ್ದ. ಹೀಗೆ ನಲವತ್ತು ಸಾವಿರದಷ್ಟು ಇಳಿಸಿದ್ದ. ಮಧ್ಯಾಹ್ನ ಆಗಿತ್ತು. ಟೀಪಾಯಿಯ ಮೇಲೆ ಮೂರು ಕಪ್ ಕಾಫಿ ಕೆನೆಗಟ್ಟಿ ತಣ್ಣಗಾಗಿದ್ದವು, ಯಾರೂ ಮುಟ್ಟಿರಲಿಲ್ಲ. ನಾವು ಮನೆಯಿಂದ ತಂದ ನೀರು ದಾರಿಯಲ್ಲೇ ಮುಗಿದಿತ್ತು. ನನ್ನ ಗಂಡ ಹೊರಗೆ ಹೋಗಿ ನೀರಿನ ಬಾಟಲಿ ತರುತ್ತೇನೆಂದು ಎದ್ದರು.

ಅಷ್ಟರಲ್ಲಿ ಮಗಳು ಕೆಮ್ಮಿದಳು. ಅವಳಿಗೆ ಗಂಟಲು ಒಣಗಿದರೆ ಕೆಮ್ಮು ಹತ್ತುತ್ತದೆ, ಹತ್ತಿದರೆ ಬೇಗ ನಿಲ್ಲುವುದಿಲ್ಲ. ನಾನು ಎದ್ದು ಹೋಗುವುದರೊಳಗೆ ಆ ಹುಡುಗ ಓಡಿ ಒಂದು ಲೋಟ ನೀರು ತಂದಿದ್ದ. ಅವಳ ಕುತ್ತಿಗೆಯ ಹಿಂದೆ ಕೈ ಕೊಟ್ಟು, ತುಸು ಎತ್ತಿ, ಗುಟುಕು ಗುಟುಕಾಗಿ ಕುಡಿಸಿದ. ಎಷ್ಟು ಚೆನ್ನಾಗಿ ಕುಡಿಸಿದ ಎಂದರೆ ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಕೆಮ್ಮು ನಿಂತಿತು. ಮಗಳು ಅವನಿಗೆ ನಕ್ಕಳು.

ತಿರುಗಿ ನೋಡಿದರೆ ಚಿಗವ್ವ ಸೆರಗು ಸರಿಮಾಡಿಕೊಂಡು, ಮಡಚಿದ್ದ ಕಾಲು ಕೆಳಗಿಳಿಸಿ ಕುಳಿತಿದ್ದಳು. ಹುಡುಗ ಬಂದು ಎದುರಿಗೆ ಕೂತ ಮೇಲೆ ಹೇಳಿದಳು:

"ನಮ್ಮ ಕೂಸು ನಿನ್ನ ಕೈಲೆ ನೀರ ಕುಡದೈತಿ. ಇನ್ನ ನಾ ನಿನಗ ಕಡಿಮಿ ಮಾಡ ಅನ್ನಂಗಿಲ್ಲ. ನೀನೂ ನನಗ ಹೆಚ್ಚಿಗಿ ಹೇಳಂಗಿಲ್ಲ. ಖರೆ ಬೆಲಿ ಯಾವ್ದೈತಿ, ಅದನ್ನ ಒಂದ ಸಲ ಹೇಳಿಬಿಡಪಾ."

ಹುಡುಗನಿಗೆ ತಿಳಿಯಲಿಲ್ಲ. ನನ್ನ ಮುಖ ನೋಡಿದ, ನನ್ನ ಗಂಡನ ಮುಖ ನೋಡಿದ. ಆಮೇಲೆ ಸಂಕೋಚದಿಂದ ನಕ್ಕು, "ಅಮ್ಮಾರ, ನೀರು ಬಂದವ್ರಿಗೆಲ್ಲಾ ಕೊಡ್ತೇವ್ರಿ" ಎಂದ.

ಚಿಗವ್ವ ಆ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ. "ಬೆಲಿ ಹೇಳಪಾ" ಎಂದಳು ಮತ್ತೆ.

ಅವನು ಗಾಜಿನ ಕೋಣೆಯ ಕಡೆ ಒಮ್ಮೆ ನೋಡಿದ. ಹಿಂದಿನ ಸಲ ಹೇಳಿದ ಬೆಲೆಯನ್ನೇ ಮತ್ತೆ ಹೇಳಿದ. ನಲವತ್ತು ಸಾವಿರವಷ್ಟೇ ಕಡಿಮೆ.

"ಅದ ಖರೆ ಬೆಲಿ ಏನು?"

"ಹೂನ್ರಿ ಅಮ್ಮಾರ. ಅದ ಲಾಸ್ಟ್."

"ಹಂಗಾರ ಆತು" ಎಂದು ಚಿಗವ್ವ ಎದ್ದಳು. ನನ್ನ ಗಂಡನ ಕಡೆ ತಿರುಗಿ, "ಅದ ಅಂತಪಾ" ಎಂದಳು. ಅವನ ಮಾತನ್ನು ಆಕೆ ಪೂರ್ತಿ ನಂಬಿದ್ದಳು. ನೀರು ಕುಡಿಸಿದ ಮೇಲೆ ಯಾರಾದರೂ ಸುಳ್ಳು ಬೆಲೆ ಹೇಳುತ್ತಾರೆ ಎನ್ನುವುದು ಆಕೆಯ ತಲೆಗೇ ಹೊಳೆಯುವಂತಿರಲಿಲ್ಲ. ನಾವಿಬ್ಬರೂ ಮುಂದೆ ಕೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಚಿಗವ್ವ ಆತು ಎಂದ ಮೇಲೆ ಬಾಯಿ ತೆರೆಯುವ ರೂಢಿ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಉಳಿದ ಅರವತ್ತು ಸಾವಿರಕ್ಕೆ ಗಂಡನ ಮೋಟರ್ ಸೈಕಲ್ಲು ಹೋಯಿತು, ನನ್ನ ಎರಡು ಬಳೆ ಹೋದವು. ಅದಕ್ಕೆ ನಮಗೇನೂ ದುಃಖವಾಗಲಿಲ್ಲ. ಗಾಡಿ ಬಂತು, ಮಗಳು ಬೆನ್ನು ಚಾಚಿ ಮಲಗಿ ಆಸ್ಪತ್ರೆಗೆ ಹೋದಳು, ಅಷ್ಟೇ ನಮಗೆ ಬೇಕಾಗಿತ್ತು. ಗಾಡಿ ಬಂದ ದಿನ ಪೂಜೆ ಮಾಡಿದವಳು ಚಿಗವ್ವ. ತೆಂಗಿನಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಓಣಿಗೆಲ್ಲ ಸಕ್ಕರೆ ಹಂಚಿದಳು. ಆದರೆ ಗಂಡ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ನಡೆದು ಕೆಲಸಕ್ಕೆ ಹೋಗುವಾಗ ಆಕೆ ಬಾಗಿಲಲ್ಲಿ ಕುಳಿತು ಓಣಿಯ ತಿರುವಿನ ತನಕ ನೋಡುತ್ತಿದ್ದಳು. ಗಾಡಿ ಇದ್ದದ್ದು ಮಗಳ ಆಸ್ಪತ್ರೆಗೆ, ಅದಕ್ಕೆ ಎಣ್ಣೆ ಹಾಕಿ ದಿನಾ ಓಡಿಸುವ ಶಕ್ತಿ ನಮಗೆಲ್ಲಿತ್ತು?

ಇಷ್ಟಕ್ಕೇ ಮುಗಿದಿದ್ದರೆ... ಮುಗಿಯಲಿಲ್ಲ. ಒಂದು ಭಾನುವಾರ ಗಂಡನ ಪರಿಚಯದ ಕೆರೂರಿನ ಮಾಸ್ತರರು ನಮ್ಮ ಮನೆಗೆ ಬಂದರು, ತಮ್ಮ ಹೊಸ ಗಾಡಿಯಲ್ಲಿ. ಅದೇ ಗಾಡಿ, ಅದೇ ಬಣ್ಣ, ಅದೇ ಶೋರೂಮು, ನಾವು ತೆಗೆದುಕೊಂಡ ತಿಂಗಳೇ. ಅಂಗಳದಲ್ಲಿ ನಿಂತು ಬೆಲೆ ಹೇಳಿದರು. ಶೋರೂಮಿನವರು ನಮಗೆ ಮೊದಲು ಹೇಳಿದ್ದಕ್ಕಿಂತ ಪೂರಾ ಒಂದು ಲಕ್ಷ ಕಡಿಮೆ. "ನಾ ಏನೂ ಜಾಸ್ತಿ ಕೇಳಲಿಲ್ರಿ. ತಿಂಗಳ ಕಡೀಕ ಅವ್ರ ತಾವ ಬಿಟ್ರು" ಎಂದು ನಕ್ಕರು. ಎದುರು ಕಟ್ಟೆಯ ಮೇಲೆ ಚಿಗವ್ವ ಸಜ್ಜೆ ಹಸನು ಮಾಡುತ್ತ ಕುಳಿತಿದ್ದಳು. ಮೊರದ ಸದ್ದು ನಿಂತದ್ದು ನನಗೆ ಕೇಳಿಸಿತು.

ಮಾಸ್ತರರು ಹೋದ ಮೇಲೆ ನನ್ನ ಗಂಡ ಎದುರು ಮನೆಗೆ ಹೋಗಿ, "ಇರ್ಲಿ ಬಿಡ ಚಿಗವ್ವಾ, ನಮ್ಮ ಕೆಲಸ ಆತಲ್ಲಾ" ಎಂದರು. ಆಕೆ, "ಹೂಂ, ಆತಪಾ" ಎಂದಳು. ಮೊರದಲ್ಲಿನ ಸಜ್ಜೆಯನ್ನು ಹಸನು ಮಾಡದೇ ಹಾಗೇ ಡಬ್ಬಿಗೆ ಸುರಿದಳು.

ಎರಡು ದಿನದ ಮೇಲೆ ಮಧ್ಯಾಹ್ನ ಗಂಡನಿಗೆ ಫೋನು ಬಂತು, ಶೋರೂಮಿನ ಆ ಹುಡುಗನದು. "ಸರ್ರಾ, ನಿಮ್ಮ ಅಮ್ಮಾರು ಮುಂಜಾನಿಂದ ಬಂದು ಇಲ್ಲಿ ಕುಂತಾರ್ರಿ. ಏನೂ ತಗೋವಲ್ರು, ನೀರೂ ಕುಡೀವಲ್ರು. ಬಂದು ಕರಕೊಂಡು ಹೋಗ್ರಿ."

ಮೊದಲ ಬಸ್ಸಿಗೆ ಒಬ್ಬಳೇ ಹೋಗಿದ್ದಳು. ನಾವು ಅದೇ ಗಾಡಿ ತೆಗೆದುಕೊಂಡು ಓಡಿದೆವು. ಆ ದೊಡ್ಡ ಮೆತ್ತನೆಯ ಸೋಫಾದ ಒಂದು ತುದಿಯಲ್ಲಿ ಚಿಗವ್ವ ನೆಟ್ಟಗೆ ಕುಳಿತಿದ್ದಳು. ತುಟಿ ಒಣಗಿ ಬಿರಿದಿದ್ದವು. ಮುಂದೆ ಮುಚ್ಚಳ ತೆಗೆಯದ ನೀರಿನ ಬಾಟಲಿ. ಕಂಕುಳಲ್ಲಿ ಸುರುಳಿ ಸುತ್ತಿದ ಕಪ್ಪು ರಬ್ಬರಿನ ಮ್ಯಾಟು, ಗಾಡಿಯೊಳಗೆ ಕಾಲ ಕೆಳಗೆ ಹಾಸುತ್ತಾರಲ್ಲ, ಅವು. ಸೀರೆಯ ಗಂಟು ಹಿಡಿದಂತೆ ಹಿಡಿದಿದ್ದಳು. ಹುಡುಗ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದ, ನಮ್ಮನ್ನು ನೋಡಿ ತಲೆ ತಗ್ಗಿಸಿದ.

ಗಾಡಿಯಲ್ಲಿ ಕೂತ ಮೇಲೆ ನನ್ನ ಗಂಡ ಕೇಳಿದರು, ರೊಕ್ಕ ಮರಳಿ ಕೇಳಲಿಕ್ಕೆ ಹೋಗಿದ್ದೆಯಾ ಎಂದು.

"ರೊಕ್ಕ ಏನ ಮಾಡೂದೈತಿ. ನೀರ ಕುಡಿಸಿ ಸುಳ್ಳ ಯಾಕ ಹೇಳ್ದಿ ಅಂತ ಅವನ್ನ ಕೇಳಾಕ ಹೋಗಿದ್ನಿ."

"ಏನಂದ?"

"ನಿಮಗ ಫೋನ ಮಾಡಿ ಒಳಗ ಹ್ವಾದ, ಈ ಮ್ಯಾಟ ತಂದ ಕೊಟ್ಟ. ಬ್ಯಾಡ ಅನ್ನೋಳ ಇದ್ನಿ. ಅವನ ಮಾರಿ ನೋಡಿ ತಗೊಂಡ್ನಿ." ಮ್ಯಾಟನ್ನು ತೊಡೆಯ ಮೇಲೆ ಸರಿಸಿಕೊಂಡು ಮತ್ತೆ ಹೇಳಿದಳು. "ಸಾಹೇಬ ಒಳಗಿಂದ ನೋಡಾಕ ಹತ್ತಿದ್ದ ಅಂತ ಅವತ್ತ. ಹೊಟ್ಟಿಪಾಡಿನ ಹುಡುಗ."

ಅಂದಿನಿಂದ ಚಿಗವ್ವ ಯಾರ ಜೊತೆಗೂ ವ್ಯಾಪಾರಕ್ಕೆ ಹೋಗಲಿಲ್ಲ. ಓಣಿಯವರು ಬಂದು ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದಳು. ನನಗೆ ಒಮ್ಮೆ ಮಾತ್ರ ಹೇಳಿದಳು, "ಎಲ್ಲಾರಿಗೂ ಕೊಡೂ ನೀರು ಅಂತ ತಂಗಿ. ಹಂಗಿದ್ದಲ್ಲಿ ನನ್ನ ಬಾಯಿ ನಡ್ಯಾಂಗಿಲ್ಲ." ಸೀರೆಯ ಗಂಟನ್ನೂ ಬರಬರುತ್ತ ಬಿಟ್ಟಳು. ನೋಡುವವರ ಕಣ್ಣಿಗೆ ವಯಸ್ಸಾಯಿತು, ಬಿಟ್ಟಳು. ಆದರೆ ಆಕೆಯೊಳಗೆ ಏನೋ ಮುರಿದುಹೋಗಿತ್ತು, ಅದನ್ನು ನಾನು ಬಲ್ಲೆ. ಅದು ಜೋಡಿಸಲು ಬರುವಂಥದ್ದಾಗಿರಲಿಲ್ಲ.

ಬದಲಿಗೆ ನಮ್ಮ ಗಾಡಿ ಹತ್ತಿದಳು. ವಾರಕ್ಕೆ ಎರಡು ಸಲ ಮಗಳ ಜೊತೆ ಬಾಗಲಕೋಟೆಗೆ. ಮಗಳ ಕಾಲು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂರುವಳು. ಇಬ್ಬರದೂ ನಿಲ್ಲದ ಹರಟೆ, ಮಗಳಿಗೆ ಆಕೆ ಆಯಿ, ಅಂದರೆ ಅಜ್ಜಿ. "ಆಯಿ, ಇದು ಬರೇ ರಬ್ಬರ್ ಮ್ಯಾಟ್, ಇದರ ಮ್ಯಾಲ ಕಾಲ ಇಡಾಕ ಯಾಕ ಹಿಂದ ಮುಂದ ನೋಡತಿ?" ಎಂದು ಮಗಳು ಕಾಡುತ್ತಿದ್ದಳು. ಆ ಹುಡುಗ ಕೊಟ್ಟ ಮ್ಯಾಟನ್ನೇ ಕಾಲ ಕೆಳಗೆ ಹಾಸಿದ್ದೆವು, ಚಿಗವ್ವ ಚಪ್ಪಲಿ ಬಿಟ್ಟು ಕೂರುತ್ತಿದ್ದಳು. ವ್ಯಾಯಾಮದ ಹುಡುಗಿ ಹೇಳಿಕೊಟ್ಟದ್ದನ್ನು ನೋಡಿ ಕಲಿತು ಮನೆಯಲ್ಲಿ ತಾನೇ ಮಾಡಿಸುತ್ತಿದ್ದಳು. ಮಗಳ ಬೆನ್ನು ಬಾಗುವುದು ನಿಂತಿತು. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದಾಗ ಚಿಗವ್ವ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ, ಸೀರೆಯ ಅಂಚು ನೋಡಿದಂತೆ ನೋಡಿದಳು. "ನೆಟ್ಟಗೈತಿ" ಎಂದಳು. ಅಂದು ಆಕೆ ನಕ್ಕಷ್ಟು ಎಂದೂ ನಕ್ಕಿರಲಿಲ್ಲ.

ಹೀಗೆ ಮೂರ್ನಾಲ್ಕು ವರ್ಷ. ಆಮೇಲೆ ಊಟ ಕಡಿಮೆಯಾಯಿತು. ಕುಪ್ಪಸ ಸಡಿಲಾಯಿತು. ಕೇಳಿದರೆ ಬೇಸಿಗೆ ಎಂದಳು, ಬೇಸಿಗೆ ಹೋದ ಮೇಲೆ ಥಂಡಿ ಎಂದಳು. ಒಂದು ದಿನ ಮಗಳನ್ನು ಒಯ್ದಿದ್ದಾಗ ಅದೇ ಆಸ್ಪತ್ರೆಯಲ್ಲಿ ಬಲವಂತ ಮಾಡಿ ತೋರಿಸಿದೆವು. ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಮಾಡಬೇಕು, ಮಾಡಿದರೆ ಉಳಿಯುವ ಸಂಭವ ಇದೆ, ತಡ ಮಾಡಬೇಡಿ ಎಂದರು. ನನ್ನನ್ನು ಒಳಗೆ ಕರೆದು ಖರ್ಚು ಹೇಳಿದರು. ಹೊರಗೆ ಬೆಂಚಿನ ಮೇಲೆ ಚಿಗವ್ವ ಕುಳಿತಿದ್ದಳು, ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಮಗಳು.

"ಎಷ್ಟಂತ?" ಎಂದಳು.

ನಾನು ಅರ್ಧ ಮಾಡಿ ಹೇಳಿದೆ. ಆಕೆ ನನ್ನ ಮುಖವನ್ನೇ ನೋಡಿದಳು. ಬೆಲೆ ಹೇಳುವವರ ಮುಖ ಓದಿ ಬದುಕಿದವಳು, ನಾನು ಅರ್ಧ ಹೇಳಿದ್ದು ಆಕೆಗೆ ತಿಳಿಯದೇ ಇರುತ್ತದೆಯೇ?

"ಭಾಳಾತು. ಬ್ಯಾಡ ಅಂತ ಹೇಳು."

"ಚಿಗವ್ವಾ, ಇದು ಸೀರಿ ವ್ಯಾಪಾರ ಅಲ್ರಿ."

"ಗೊತ್ತೈತೆವಾ. ಸೀರಿ ಆಗಿದ್ರ ಇನ್ನ ಹತ್ತ ವರ್ಷ ಬಾಳತಿತ್ತು, ಕೊಡಬಹುದಿತ್ತು. ಇದು ಬಾಳಂಗಿಲ್ಲ. ಬಾಳಲಾರದ್ದಕ್ಕ ಅಷ್ಟ ಕೊಡಬಾರದು."

ನಾನು ಅತ್ತೆ. ನನ್ನ ಗಂಡ ಸಿಟ್ಟು ಮಾಡಿದರು, ಗಾಡಿ ಮಾರುತ್ತೇನೆ ಎಂದರು. ಆ ಮಾತಿಗೆ ಮಾತ್ರ ಆಕೆ ಕಣ್ಣು ಕೆಂಪಗೆ ಮಾಡಿದಳು. "ಗಾಡಿ ಮಾತ ತಗದ್ರ ನಿಮ್ಮ ಹೊಸ್ತಲಾ ತುಳ್ಯಾಂಗಿಲ್ಲ" ಎಂದಳು. ಓಣಿಯವರೆಲ್ಲ ಬಂದರು. ವಂತಿಗೆ ಎತ್ತುತ್ತೇವೆ ಎಂದರು. ಸರಕಾರಿ ಕಾರ್ಡಿನ ಮೇಲೆ ಹುಬ್ಬಳ್ಳಿಯಲ್ಲಿ ಮಾಡಿಸೋಣ ಎಂದು ನಾನು ಕಾಗದಪತ್ರ ಓಡಾಡಿಸಿ ಸಿದ್ಧ ಮಾಡಿದೆ. ಅದಕ್ಕೂ ಬರಲಿಲ್ಲ. ದಿನಾ ಸಂಜೆ ಯಾರಾದರೂ ಒಬ್ಬರು ಆಕೆಯ ಕಟ್ಟೆಯ ಮೇಲೆ ಕೂತು ಒಪ್ಪಿಸಲು ನೋಡುವುದು, ಆಕೆ ಅವರಿಗೇ ಚಹಾ ಮಾಡಿಕೊಟ್ಟು ಕಳಿಸುವುದು. ನಾನೂ ಕುಡಿದು ಬಂದಿದ್ದೇನೆ, ಬಾಯಿ ಕಟ್ಟಿಸಿಕೊಂಡು. ಊರಿಗೆಲ್ಲ ಬೆಲೆ ಮಾಡಿಕೊಟ್ಟವಳು ತನ್ನ ಬೆಲೆಯನ್ನು ತಾನೇ ಕಟ್ಟಿ ಕುಳಿತಿದ್ದಳು. ನಾವೆಲ್ಲ ಸೇರಿದರೂ ಅದನ್ನು ಒಂದು ರೂಪಾಯಿ ಮೇಲೆ ಏರಿಸಲಾಗಲಿಲ್ಲ.

ಆ ಶ್ರಾವಣದಲ್ಲಿ ಹೋದಳು. ಕೊನೆಯ ದಿನಗಳಲ್ಲಿ ನಮ್ಮ ಪಡಸಾಲೆಯಲ್ಲೇ ಇದ್ದಳು, ಮಗಳ ಮಂಚದ ಪಕ್ಕದಲ್ಲಿ. ವಿಭೂತಿ ಹಚ್ಚಿ, ಕೂಡಿಸಿ, ಹೂವು ಹಾಕಿ, ಓಣಿಯೆಲ್ಲ ಮಣ್ಣಿಗೆ ಹೋಗಿ ಬಂದಿತು. ಮಗಳು ಅವತ್ತು ಅಳಲಿಲ್ಲ. ಮುಂದಿನ ವಾರ ಆಸ್ಪತ್ರೆಗೆ ಹೊರಟಾಗ, ಸೀಟಿನಲ್ಲಿ ಮಲಗಿಸಿದ ಮೇಲೆ, ಕಾಲು ಇಡಲಿಕ್ಕೆ ತೊಡೆ ಇಲ್ಲದ್ದನ್ನು ಕಂಡು ಅತ್ತಳು. ದಿಂಬು ಇಟ್ಟೆ. ಇಂದಿಗೂ ದಿಂಬೇ ಇಡುತ್ತೇನೆ...

ಎದುರು ಮನೆಯನ್ನು ಯಾರೋ ಕೊಂಡು, ಕೆಡವಿ, ಶಟರ್ ಹಾಕಿದ ಮಳಿಗೆ ಕಟ್ಟಿದ್ದಾರೆ. ಮಗಳಿಗೆ ಈಗ ಹದಿನೇಳು. ಕಳೆದ ವಾರ ಆ ದಿನ ಸಂಜೆ ಹುನಗುಂದದಿಂದ ಮನೆಗೆ ಬಂದವಳೇ ಅವಳ ಹತ್ತಿರ ಕುಳಿತು ಸಹೋದ್ಯೋಗಿಯ ಹೊಸ ಗಾಡಿಯ ಸುದ್ದಿ ಹೇಳಿದೆ, ಚಿಗವ್ವ ನೆನಪಾದಳು ಎಂದೆ. ಅವಳು ಕೇಳಿದಳು.

"ಅವ್ವಾ, ಅವತ್ತ ದವಾಖಾನ್ಯಾಗ ಆಯಿಗೆ ಖರೆ ಖರೆ ಎಷ್ಟ ಕೇಳಿದ್ರು?"

ಯಾರಿಗೂ ಹೇಳದೇ ಇಟ್ಟುಕೊಂಡಿದ್ದ ಪೂರ್ತಿ ಮೊತ್ತವನ್ನು ಅವಳಿಗೆ ಹೇಳಿದೆ.

ಅವಳು ಕಿಟಕಿಯಾಚೆ ಅಂಗಳದಲ್ಲಿ ನಿಂತ ನಮ್ಮ ಹಳೆಯ ಗಾಡಿಯನ್ನು ನೋಡಿದಳು. "ಗಾಡಿಗಿಂತ ಕಡಿಮಿ ಇತ್ತೇನವಾ?"

"ಹೂಂ" ಎಂದೆ. "ಭಾಳ ಕಡಿಮಿ ಇತ್ತು."